ಒಣಗದ ಮುಖ

ಚಿಕ್ಕಮ್ಮನ ಗದ್ದ ಒಂದು ಅಕ್ಕಿಕಾಳಿನಷ್ಟು ಕೆಳಗೆ ಜಾರಿತ್ತು.

ಮೊದಲು ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ. ಬೆಳಗಿನ ಏಳು ಗಂಟೆ, ಕಿಟಕಿಯ ಬೆಳಕು ಇನ್ನೂ ಓರೆಯಾಗಿತ್ತು. ಸ್ಕೇಲು ತಂದು ಅಳೆದೆ. ಮೂಗಿನ ತುದಿಯಿಂದ ಗದ್ದಕ್ಕೆ ನಾನು ಬರೆದಿಟ್ಟುಕೊಂಡಿದ್ದ ಅಳತೆಗಿಂತ ನಾಲ್ಕು ಮಿಲಿಮೀಟರ್ ಹೆಚ್ಚಾಗಿತ್ತು. ಚಿತ್ರದ ಮುಖಕ್ಕೆ ಕೊನೆಯ ಸಲ ಬಣ್ಣ ಹಾಕಿ ಇಪ್ಪತ್ತಾರು ದಿನ ಕಳೆದಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ ಕೆನ್ನೆಯ ಮೇಲೆ ಒಮ್ಮೆ ಹಗುರವಾಗಿ ಉರುಳಿಸಿದೆ. ಒಣಗಿದ ಬಣ್ಣವಾದರೆ ಹತ್ತಿ ಬೆಳ್ಳಗೇ ಉಳಿಯಬೇಕು. ಕೆನ್ನೆಯ ಮೇಲ್ಪದರ ಕೆನೆಯ ಹಾಗೆ ಸುಕ್ಕುಗಟ್ಟಿ ಹತ್ತಿಗೆ ಅಂಟಿಕೊಂಡು ಬಂತು. ಅದರ ಕೆಳಗಿದ್ದ ಬಿಳಿ ಬಣ್ಣ ಇವತ್ತೇ ಟ್ಯೂಬಿನಿಂದ ಹಿಂಡಿದಷ್ಟು ಮೆತ್ತಗಿತ್ತು. ಮೂಗು ಹತ್ತಿರ ತಂದೆ. ಲವಂಗದ ವಾಸನೆ.

ತಪ್ಪು ಯಾರದೆಂದು ಹುಡುಕುವ ಕಷ್ಟವೇ ಇರಲಿಲ್ಲ.

ನಾನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಪಿಂಗಾಣಿಯ ಹಲ್ಲು ಮಾಡುವುದು. ಒಳಗೆ ಮಂದ ಪದರ, ಅದರ ಮೇಲೆ ಅರೆಪಾರದರ್ಶಕ ಪದರ, ತುದಿಯಲ್ಲಿ ಹೆಚ್ಚುಕಮ್ಮಿ ಗಾಜು. ಬೆಳಕು ಒಳಗೆ ಹೊಕ್ಕು ತಿರುಗಿ ಬಂದರೆ ಮಾತ್ರ ಹಲ್ಲು ಹಲ್ಲಿನಂತೆ ಕಾಣುತ್ತದೆ. ಹಳೆಯ ಕಾಲದ ದೊಡ್ಡ ಕಲಾವಿದರು ಮುಖಗಳನ್ನು ಬರೆಯುತ್ತಿದ್ದದ್ದೂ ಹೀಗೇ. ಮೊದಲು ಬರೀ ಬೂದು ಬಣ್ಣದಲ್ಲಿ ನೆರಳು ಬೆಳಕು ಪೂರ್ತಿ ಮುಗಿಸಿ, ಅದು ಒಣಗಿದ ಮೇಲೆ ತೆಳ್ಳನೆಯ ಬಣ್ಣಗಳನ್ನು ಗಾಜಿನ ಹಾಳೆಗಳಂತೆ ಒಂದರ ಮೇಲೊಂದು ಹಾಸುತ್ತಿದ್ದರು. ಎರಡೂ ಕೆಲಸ ನನಗೆ ಒಂದೇ ಕೆಲಸದ ಎರಡು ಪಾಳಿ ಎನಿಸುತ್ತದೆ.

ಎಣ್ಣೆಬಣ್ಣ ಒದ್ದೆ ಬಟ್ಟೆಯಂತೆ ಆರುವುದಿಲ್ಲ. ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಲವಂಗದ ಎಣ್ಣೆ ಅದಕ್ಕೆ ಅಡ್ಡಗಾಲು ಹಾಕುತ್ತದೆ. ಹೆಬ್ಬೆರಳ ಉಗುರಿನಷ್ಟು ಬಣ್ಣಕ್ಕೆ ಅರ್ಧ ಹನಿ ಸೇರಿಸಿದರೆ ಮುಖ ಇನ್ನೊಂದು ದಿನ ಹಸಿಯಾಗಿರುತ್ತದೆ, ಅಂಚುಗಳನ್ನು ನಿಧಾನವಾಗಿ ಬೆರೆಸಬಹುದು. ಲ್ಯಾಬಿನಲ್ಲಿ ಆ ಎಣ್ಣೆಗೆ ಬರವಿಲ್ಲ, ಒಂದು ಸೀಸೆ ಮನೆಗೆ ತಂದಿದ್ದೆ. ಯಾವ ಮಿಶ್ರಣವೇ ಆಗಲಿ, ಮೊದಲು ಬಿಳಿ ಟೈಲಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಕು ಬರೆದು, ಒಣಗುವುದನ್ನು ನೋಡಿದ ಮೇಲೇ ಚಿತ್ರಕ್ಕೆ ಹಾಕುವುದು ನನ್ನ ರೂಢಿ. ಇಂಥ ಟೈಲುಗಳು ಮಂಚದ ಕೆಳಗೆ ಇನ್ನೂರಕ್ಕೂ ಹೆಚ್ಚಿವೆ. ಈ ಮಿಶ್ರಣದ ಟೈಲು ಮಾತ್ರ ಇರಲಿಲ್ಲ. ಅದನ್ನು ಬೆರೆಸುವ ಹಿಂದಿನ ದಿನ ಚಿತ್ರಪ್ರದರ್ಶನದ ಬಗ್ಗೆ ಗ್ಯಾಲರಿಯಿಂದ ಪತ್ರ ಬಂದಿತ್ತು. ಹದಿನಾಲ್ಕು ವರ್ಷದಲ್ಲಿ ಒಂಬತ್ತು ಸಲ ಇಲ್ಲ ಅಂದವರು ಹತ್ತನೇ ಸಲ ಹೂಂ ಅಂದಿದ್ದರು. ಅರ್ಧ ಬರೆದ ಚಿತ್ರದ ಫೋಟೋ ನೋಡಿಯೇ ಒಪ್ಪಿದ್ದರು. ಆ ಖುಷಿಯಲ್ಲಿ ಸೀಸೆ ಬಗ್ಗಿಸಿದವಳು ಹನಿ ಎಣಿಸಲಿಲ್ಲ.

ಚಿತ್ರ ಇದು. ಚಿಕ್ಕಮ್ಮ ಒಂದು ಮರದ ಕುರ್ಚಿಯಲ್ಲಿ ಕೂತಿದ್ದಾಳೆ. ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು, ಕೆಲಸದಲ್ಲಿ ಕೂತದ್ದು ಕಡಿಮೆ. ಅದಕ್ಕೇ ಇಲ್ಲಿ ಕೂರಿಸಿದೆ. ಎಡಗೈ ಮಡಿಲಲ್ಲಿದೆ. ಬಲತೋಳು ಭುಜದ ಮಟ್ಟಕ್ಕೆ ನೇರವಾಗಿ ಚಾಚಿದೆ. ಆ ತೋಳಿನಿಂದ ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವಂಥ ಸಣ್ಣ ಸಣ್ಣ ಪಟ್ಟಿಗಳು ಇಳಿಬಿದ್ದಿವೆ, ಪ್ರತಿ ಪಟ್ಟಿಗೂ ಹೆಬ್ಬೆರಳುದ್ದದ ಒಬ್ಬ ಪ್ರಯಾಣಿಕ ಜೋತುಬಿದ್ದಿದ್ದಾನೆ. ಒಟ್ಟು ನಲವತ್ತೊಂದು ಜನ. ನಿದ್ದೆ ಹೋದವರಿದ್ದಾರೆ, ಪೇಪರ್ ಓದುವವರಿದ್ದಾರೆ, ಒಬ್ಬಳು ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದಾಳೆ. ಎಲ್ಲರೂ ಒಂದೇ ಕಡೆ ಸ್ವಲ್ಪ ವಾಲಿದ್ದಾರೆ, ಬಸ್ಸು ತಿರುವಿನಲ್ಲಿದೆ ಎಂಬಂತೆ. ಕೋಣೆ ಮಾತ್ರ ಕದಲದೆ ನಿಂತಿದೆ.

ಆಗಲಾರದ್ದನ್ನು ಬರೆಯುವಾಗ ನಾನು ಊಹೆಯನ್ನು ನಂಬುವುದಿಲ್ಲ. ಆ ನಲವತ್ತೊಂದು ಜನರನ್ನೂ ಹಲ್ಲಿನ ಅಚ್ಚಿಗೆ ಬಳಸುವ ಗುಲಾಬಿ ಮೇಣದಲ್ಲಿ ಮಾಡಿ, ಒಂದು ಕೋಲಿಗೆ ನೇತುಹಾಕಿ, ಚಿಕ್ಕಮ್ಮನ ತೋಳಿನ ಎತ್ತರದಲ್ಲೇ ಅದೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಬರೆದದ್ದು. ಸುಳ್ಳು ಇರುವುದು ಸಂಗತಿಯಲ್ಲಿ, ನೆರಳಿನಲ್ಲಿ ಸುಳ್ಳಿರಬಾರದು. ಆದ್ದರಿಂದಲೇ ಮುಖವನ್ನೂ ಮತ್ತೆ ಬರೆಯಬೇಕೆಂದರೆ ಚಿಕ್ಕಮ್ಮ ಎದುರಿಗೆ ಕೂರಬೇಕು. ಕಷ್ಟವಿದ್ದದ್ದು ಅಲ್ಲಿ. ಒಂಬತ್ತು ದಿನದ ಹಿಂದೆ ಅವಳ ಬಾಯಲ್ಲಿ ಉಳಿದಿದ್ದ ಹನ್ನೊಂದು ಹಲ್ಲುಗಳನ್ನೂ ಕೀಳಿಸಿಯಾಗಿತ್ತು.

ಎಂಟಕ್ಕೆ ಲ್ಯಾಬಿಗೆ ರಜೆ ಹೇಳಿದೆ. ಒಂಬತ್ತಕ್ಕೆ ಗ್ಯಾಲರಿಗೆ ಫೋನ್ ಮಾಡಿದೆ. ಅಲ್ಲಿನ ಮೇಡಂ ಒಳ್ಳೆಯವರೇ, ಆದರೆ ಸದಾ ಏಣಿಯ ಮೇಲೆ ನಿಂತು ಮಾತಾಡುವವರ ಹಾಗೆ ಆತುರ.

“ಒಣಗಿಲ್ಲವಾ? ಮೇಲೆ ವಾರ್ನಿಷ್ ಹೊಡೆದುಬಿಡಿ. ಯಾರು ಮುಟ್ಟಿ ನೋಡ್ತಾರೆ? ಆರು ವಾರದ ಪ್ರದರ್ಶನ ತಾನೇ.”

“ಆರು ವಾರ ಆದ ಮೇಲೆ?”

“ಚಿತ್ರ ನಿಮ್ಮನೆಗೇ ವಾಪಸ್ ಬರುತ್ತಲ್ಲ, ಆಗ ನಿಧಾನವಾಗಿ ಸರಿ ಮಾಡ್ಕೊಳ್ಳಿ.”

“ಒಳಗೆ ಹಸಿ ಇಟ್ಟು ಮೇಲೆ ಮುಚ್ಚಿದರೆ ಬಿರುಕು ಬಿಡುತ್ತೆ ಮೇಡಂ. ಮುಖ ಕೆರೆದು ಮತ್ತೆ ಬರೀತೀನಿ.”

“ಇವತ್ತಿಗೆ ಇಪ್ಪತ್ತನೇ ದಿನ ವ್ಯಾನ್ ಬರುತ್ತೆ. ನಿಮ್ಮ ಹಿಂದೆ ಕಾಯ್ತಾ ಇರೋರು ಇಬ್ಬರಿದ್ದಾರೆ. ಯೋಚನೆ ಮಾಡಿ.”

ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಫೋನಿಟ್ಟು ಸ್ಕಾಲ್ಪೆಲ್ ತೆಗೆದುಕೊಂಡೆ. ಹಣೆಯಿಂದ ಶುರುಮಾಡಿ ಗದ್ದದವರೆಗೆ, ಚಿತ್ರದ ಹಲಗೆಗೆ ಮೊದಲು ಬಳಿದಿದ್ದ ಸೀಮೆಸುಣ್ಣದ ಬಿಳಿ ಕಾಣುವವರೆಗೆ, ಕೆರೆದೆ. ಮೂರೂವರೆ ಗಂಟೆ ಹಿಡಿಯಿತು. ಮೂರು ತಿಂಗಳು ಬರೆದ ಮುಖ ಒಂದು ಹಳೆಯ ಬಟ್ಟಲಿನ ತಳಕ್ಕೂ ಸಾಲದಷ್ಟಿತ್ತು.

ಚಿಕ್ಕಮ್ಮನ ಮನೆ ಎರಡು ಬೀದಿ ಆಚೆ. ಬಾಗಿಲು ತೆಗೆದ ಚಿಕ್ಕಪ್ಪ ಪಿಸುಗುಟ್ಟಿದ, “ಒಂಬತ್ತು ದಿನದಿಂದ ಮನೆ ನಿಶ್ಶಬ್ದ. ಮದುವೆ ಆದಾಗಿನಿಂದ ನನಗಿದು ಮೊದಲನೇ ರಜೆ. ಕೆಡಿಸಬೇಡ.”

ಒಳಗಿನಿಂದ ದನಿ ಬಂತು, “ಹಲ್ಲು ಕಿತ್ತಿದ್ದಾರೆ, ಕಿವಿ ಕಿತ್ತಿಲ್ಲ.”

ಅವಳು ಬಾಯಿಗೆ ಟವಲು ಹಿಡಿದುಕೊಂಡು ಕೂತಿದ್ದಳು. ಮಾತಿನ ನಡುವೆ ಗಾಳಿ ಸೋರುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಹನಿ ಎಣಿಸದೇ ಇದ್ದದ್ದನ್ನೂ ಸೇರಿಸಿ.

“ನೀನಾ? ಎಣಿಸದೆ?” ಎಂದಳು. ಚಿಕ್ಕಂದಿನಿಂದ ನನ್ನನ್ನು ಇರುವೆ ಎಂದೇ ಕರೆಯುತ್ತಾಳೆ. ಸಕ್ಕರೆ ಕಾಳನ್ನೂ ಸಾಲಾಗಿ ಜೋಡಿಸುತ್ತಿದ್ದೆನಂತೆ. “ಅಯ್ಯೋ ಇರುವೆ. ಹೋಗ್ಲಿ ಬಿಡು. ಫೋಟೋ ಇದೆಯಲ್ಲ, ನೋಡಿ ಬರಿ.”

“ಫೋಟೋದ ಬೆಳಕು ಬೇರೆ ಚಿಕ್ಕಮ್ಮ. ತೋಳು ಒಂದು ಕೋಣೇಲಿ, ತಲೆ ಇನ್ನೊಂದು ಕೋಣೇಲಿ ಇದ್ದ ಹಾಗಾಗುತ್ತೆ.”

“ನಲವತ್ತೊಂದು ಜನ ತೋಳಿಗೆ ನೇತಾಡ್ತಿರೋದನ್ನ ಒಪ್ಕೊಂಡೋರು ಅದನ್ನ ಒಪ್ಕೊಳ್ಳಲ್ವಾ?”

“ಒಪ್ಕೊಳ್ಳಲ್ಲ. ಅದನ್ನ ಒಪ್ಪಿಸೋಕೇ ಉಳಿದದ್ದೆಲ್ಲ ಸರಿಯಾಗಿರಬೇಕು.”

“ಹಾಗಾದ್ರೆ ಹಲ್ಲು ಮಾಡು. ಕೀಳೋ ಮುಂಚೆ ತೆಗೆದ ನನ್ನ ಬಾಯಿ ಅಚ್ಚು ನಿನ್ನ ಹತ್ರಾನೇ ಇದೆ. ಊರಿಗೆಲ್ಲ ಹಲ್ಲು ಕಟ್ಟೋಳು, ಚಿಕ್ಕಮ್ಮನಿಗೆ ಕಟ್ಟಲ್ವಾ?”

ವಸಡು ಮಾಯಲು ಎರಡು ತಿಂಗಳಾದರೂ ಬೇಕೆಂದು ಡಾಕ್ಟರ್ ಹೇಳಿದ್ದರು. ಆದರೂ ಎರಡು ದಿನ ಕೂತು ಮೇಣದ ತಟ್ಟೆಯ ಮೇಲೆ ಹಳೆಯ ಅಚ್ಚಿನ ಪ್ರಕಾರವೇ ಹಲ್ಲು ಕೂರಿಸಿ ತಂದೆ, ಹತ್ತು ಹತ್ತು ನಿಮಿಷ ಇಟ್ಟುಕೊಂಡರೂ ಸಾಕು ಎಂದು. ಚಿಕ್ಕಮ್ಮ ಬಾಯಿಗಿಟ್ಟುಕೊಂಡು ಕನ್ನಡಿ ನೋಡಿದಳು. ವಸಡು ಊದಿತ್ತು, ತುಟಿ ಮುಂದಕ್ಕೆ ಉಬ್ಬಿಕೊಂಡಿತ್ತು. ಬಾಯಿ ತುಂಬ ನೀರು ಹಿಡಿದುಕೊಂಡು ಉಗುಳಲು ಜಾಗ ಹುಡುಕುತ್ತಿರುವವರ ಮುಖ.

“ಇದ್ಯಾರು?” ಎಂದಳು. “ನಿಮ್ಮಮ್ಮ ಮುನಿಸಿಕೊಂಡಾಗ ಹೀಗೇ ಇರ್ತಾಳೆ.”

ಚಿಕ್ಕಪ್ಪ ಗೋಡೆ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುತ್ತಿತ್ತು.

ಅವಳು ಮೇಣದ ತಟ್ಟೆ ತೆಗೆದು ನನ್ನ ಅಂಗೈಗಿಟ್ಟಳು. ಆಗ ಕೇಳಿದೆ, “ಈಗ ಹೇಗಿದ್ದೀಯೋ ಹಾಗೇ ಕೂತ್ಕೊಳ್ತೀಯಾ?”

ಅವಳು ಟವಲನ್ನು ಮತ್ತೆ ಬಾಯಿಗೇರಿಸಿದಳು. ಆಮೇಲೆ ತಮಾಷೆಯಿಲ್ಲದ ದನಿಯಲ್ಲಿ ಹೇಳಿದಳು, “ಇಲ್ಲ ಕಣೆ. ಡಿಪೋದೋರಿಗೆಲ್ಲ ಹೇಳಿದ್ದೀನಿ, ಮೂವತ್ತು ಜನ ಬರ್ತಾರೆ ನೋಡೋಕೆ. ದಿನಕ್ಕೆ ಸಾವಿರ ಜನ ಮುಖ ನೋಡ್ತಿದ್ರು ನಂದು. ಒಂದು ದಿನ ಕೂದಲು ಬಾಚದೆ ಬಸ್ ಹತ್ತಿಲ್ಲ ನಾನು. ಈ ಬಾಯಿ ಇಟ್ಕೊಂಡು ಗೋಡೆ ಮೇಲೆ ಹತ್ತು ಅಂತೀಯ. ಆಗಲ್ಲ.”

ಒತ್ತಾಯ ಮಾಡಲಿಲ್ಲ. ಅವಳದು ನ್ಯಾಯವಾದ ಮಾತು. ತಪ್ಪು ನನ್ನದು, ಬಾಯಿ ಅವಳದು. ಮನೆಗೆ ಬಂದು ಹಲಗೆಯ ಬಿಳಿ ಜಾಗಕ್ಕೆ ಸೀಮೆಸುಣ್ಣ ಮತ್ತು ಅಂಟಿನ ಎರಡು ಪದರ ಬಳಿದು, ಒಣಗಿದ ಮೇಲೆ ಸಣ್ಣ ಮರಳುಕಾಗದದಿಂದ ಉಜ್ಜಿ ನಯಮಾಡಿದೆ. ಮುಖವಿಲ್ಲದಿದ್ದರೂ ಮುಖದ ಜಾಗ ತಯಾರಿರಲಿ ಎಂದು.

ಮುಖ ಕೆರೆದ ನಾಲ್ಕನೇ ದಿನ ಮಧ್ಯಾಹ್ನ ಮೂರಕ್ಕೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಚಿಕ್ಕಮ್ಮ. ಐವತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದಳು, ಟವಲು ಬಾಯಿಗೇ ಇತ್ತು.

“ಸುಮ್ಮನೆ ನೋಡ್ಕೊಂಡು ಹೋಗೋಕೆ ಬಂದೆ,” ಎಂದಳು.

ಚಿತ್ರದ ಎದುರು ಹೋಗಿ ನಿಂತಳು. ಅವಳದೇ ಸೊಂಟ, ಅವಳದೇ ಕೈ, ಮೊಣಕೈ ಬಳಿಯ ಹಳೆ ಗಾಯದ ಗುರುತು, ತೋಳಿಗೆ ಜೋತುಬಿದ್ದ ಜನ. ಕತ್ತಿನ ಮೇಲೆ ಮೊಟ್ಟೆಯಾಕಾರದ ಖಾಲಿ ಬಿಳಿ. ನೋಡುತ್ತ ನೋಡುತ್ತ ಅವಳ ಕೈ ತಾನಾಗಿ ಕೆಳಗಿಳಿಯಿತು.

“ಇದಕ್ಕಿಂತ ಬೊಚ್ಚುಬಾಯೇ ವಾಸಿ,” ಎಂದು ಟವಲನ್ನು ಬಾಗಿಲ ಮೊಳೆಗೆ ನೇತುಹಾಕಿ, ಕುರ್ಚಿಯಲ್ಲಿ ಕೂತು, ತೋಳು ಚಾಚಿದಳು.

ತೋಳಿಗೆ ಆಸರೆಯಾಗಿ ಒಂದು ಸ್ಟ್ಯಾಂಡ್ ಮಾಡಿಸಿದ್ದೆ, ಆದರೂ ಇಪ್ಪತ್ತು ನಿಮಿಷಕ್ಕೆ ಭುಜ ನಡುಗುತ್ತಿತ್ತು. “ಇನ್ನೈದು ನಿಮಿಷ, ಹಲ್ಲು ಕಚ್ಚಿ ಹಿಡ್ಕೋ,” ಎಂದುಬಿಟ್ಟೆ ಅಭ್ಯಾಸಬಲದಿಂದ. ಅವಳು ತಲೆ ಅಲುಗಿಸದೆ ಕಣ್ಣು ಮಾತ್ರ ತಿರುಗಿಸಿ ನೋಡಿದಳು. “ಯಾವುದನ್ನ?” ಎಂದಳು.

ಬಣ್ಣಕ್ಕೆ ಈ ಸಲ ಸೀಸದ ಬಿಳಿ ಮತ್ತು ಅಗಸೆ ಎಣ್ಣೆ ಬಿಟ್ಟು ಬೇರೇನನ್ನೂ ಸೇರಿಸಲಿಲ್ಲ. ಬೇಗ ಒಣಗುವುದರಿಂದ ಅಂಚುಗಳನ್ನು ಬೆರೆಸಲು ಎರಡು ಮೂರು ಗಂಟೆಗಿಂತ ಹೆಚ್ಚು ಸಮಯ ಸಿಗುವುದಿಲ್ಲ. ಆದ್ದರಿಂದ ಮುಖವನ್ನು ತುಂಡು ಮಾಡಿದೆ: ಮೊದಲ ದಿನ ಹಣೆ, ಎರಡನೇ ದಿನ ಕಣ್ಣು, ಮೂರನೇ ದಿನ ಮೂಗು ಮತ್ತು ಕೆನ್ನೆ, ನಾಲ್ಕನೇ ದಿನ ಬಾಯಿ. ಹಲ್ಲು ಹೋದರೆ ಬಾಯಿ ಮಾತ್ರ ಬದಲಾಗುತ್ತದೆ ಎಂದುಕೊಂಡಿದ್ದೆ. ಹಲ್ಲಿನ ಕೆಲಸ ಮಾಡುವವಳಾಗಿ ನನಗೆ ಗೊತ್ತಿರಬೇಕಿತ್ತು. ಗದ್ದ ಮೇಲಕ್ಕೆ, ಮೂಗಿನ ಕಡೆಗೆ ಬಂದಿತ್ತು. ಕೆನ್ನೆಮೂಳೆ ಎದ್ದಿತ್ತು. ಕತ್ತಿನ ಎರಡು ನರಗಳು ಹೊಸದಾಗಿ ಬಿಗಿದಿದ್ದವು. ಗದ್ದದ ನೆರಳು ಮೊದಲು ಬೀಳುತ್ತಿದ್ದಲ್ಲಿ ಬೀಳುತ್ತಿರಲಿಲ್ಲ, ಹಾಗಾಗಿ ಭುಜದ ಹತ್ತಿರದ ಆರು ಪ್ರಯಾಣಿಕರ ಮೇಲಿನ ಬೆಳಕೂ ತಪ್ಪಾಗಿತ್ತು.

“ಆ ಆರು ಜನರನ್ನೂ ಮತ್ತೆ ಬರೀಬೇಕು,” ಎಂದೆ.

“ಇಳಿಸಿಬಿಡು. ಅದರಲ್ಲಿ ಟೋಪಿಯವನ ಮುಖ ನೋಡಿದ್ರೇ ಗೊತ್ತಾಗುತ್ತೆ, ಟಿಕೆಟ್ ತಗೊಂಡಿಲ್ಲ.”

ಹದಿಮೂರನೇ ದಿನಕ್ಕೆ ಬೂದು ಮುಖ ಮುಗಿದು ಒಣಗಿತ್ತು. ಹಣೆ, ಕೆನ್ನೆಗಳಿಗೆ ಮೊದಲ ತೆಳುಬಣ್ಣ ಹಾಕಿದೆ. ಉಳಿದದ್ದು ಬಾಯಿ. ಎರಡು ತುಟಿಯೂ ಒಳಕ್ಕೆ ಮಡಿಚಿಕೊಂಡು ನಡುವೆ ಒಂದು ಆಳವಾದ ಗೆರೆ, ಆ ಗೆರೆಯ ಕೊನೆಗಳಲ್ಲಿ ಮಾಯುತ್ತಿರುವ ವಸಡಿನ ಬಣ್ಣ ಒಳಗಿನಿಂದ ಸ್ವಲ್ಪವೇ ಕಾಣುತ್ತಿತ್ತು. ಅಲ್ಲಿಗೆ ಎರಡು ದಾರಿಯಿತ್ತು. ಕಂದು ಮಣ್ಣಿನ ಬಣ್ಣ ಎರಡು ದಿನಕ್ಕೆ ಒಣಗುತ್ತದೆ. ಮಂಜಿಷ್ಠದ ಕೆಂಪೋ ಗಿಡದ ಬೇರಿನಿಂದ ಬರುವ ಬಣ್ಣ, ಅದು ಒಣಗಲು ಏಳು ದಿನ, ಗಾಳಿಯಲ್ಲಿ ತೇವವಿದ್ದರೆ ಹತ್ತು. ಬೇಗ ಒಣಗಿಸುವ ದ್ರವ ಸೇರಿಸಬಹುದು. ಅದರ ಗತಿ ಏನಾಗುತ್ತದೆಂದು ನಾಲ್ಕು ವರ್ಷದ ಹಿಂದಿನ ಟೈಲು ಹೇಳುತ್ತಿತ್ತು, ಬರೀ ಬಿರುಕು. ವ್ಯಾನಿಗೆ ಉಳಿದಿದ್ದದ್ದು ಏಳೇ ದಿನ.

“ಏನು ಲೆಕ್ಕ ಹಾಕ್ತಿದ್ದೀಯ?” ಎಂದಳು ಚಿಕ್ಕಮ್ಮ. ಹೇಳಿದೆ.

“ಕಂದು ಹಾಕು. ಯಾರಿಗೆ ಗೊತ್ತಾಗುತ್ತೆ?”

ಕಂದು ಹಾಕಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಾಯಿ ಮುಚ್ಚಿಕೊಂಡಿತು. ಚೆನ್ನಾಗಿಯೇ ಇತ್ತು, ಮುದುಕಿಯೊಬ್ಬಳ ಬಾಯಿ, ಯಾವ ಮುದುಕಿಯದಾದರೂ ಆಗಬಹುದಾಗಿತ್ತು. ಎದುರಿಗೆ ಕೂತಿದ್ದವಳ ಬಾಯಿ ಈಗಲೋ ಆಗಲೋ ಏನಾದರೂ ಅನ್ನಲು ಕಾಯುತ್ತಿತ್ತು, ಒಳಗೆ ಬಿಸಿಯಿತ್ತು. ಬಟ್ಟೆ ತೆಗೆದುಕೊಂಡು ಕಂದು ಬಣ್ಣವನ್ನು ಒರೆಸಿ ಹಾಕಿದೆ. ಕೆಂಪನ್ನು ಅರೆದು, ಕುಂಚದಲ್ಲಿ ಇಲ್ಲವೇನೋ ಎಂಬಷ್ಟು ತೆಳ್ಳಗೆ ಹಚ್ಚಿದೆ. ಬಾಯಿ ಅವಳದಾಯಿತು.

“ಏಳು ದಿನಕ್ಕೆ ಒಣಗುತ್ತಾ?” ಎಂದಳು.

“ಒಣಗಬಹುದು.”

“ಒಣಗದಿದ್ರೆ?”

“ಒಣಗೋವರೆಗೂ ಇಲ್ಲೇ ಇರುತ್ತೆ.”

“ನಿಮ್ಮಮ್ಮನದೇ ಹಟ,” ಎಂದಳು, ಬೈಗುಳವೋ ಮೆಚ್ಚುಗೆಯೋ ತಿಳಿಯದ ಹಾಗೆ. ಆ ವಾರವೆಲ್ಲ ಮೋಡ. ನಾನು ಕಿಟಕಿಯ ಹತ್ತಿರಕ್ಕೆ ಚಿತ್ರವನ್ನು ಸರಿಸಿಟ್ಟು, ಬೇಗ ಒಣಗುವ ಬಣ್ಣದಲ್ಲೇ ಆರು ಪ್ರಯಾಣಿಕರ ನೆರಳು ತಿದ್ದುತ್ತ ಹೋದೆ. ದಿನವೂ ಅದೇ ಕೆಂಪಿನಿಂದ ಟೈಲಿನ ಮೇಲೆ ಎಳೆದಿದ್ದ ಗೆರೆಯನ್ನಷ್ಟೇ ಪರೀಕ್ಷೆ ಮಾಡುತ್ತಿದ್ದೆ, ಚಿತ್ರದ ಬಾಯಿಯನ್ನು ಮುಟ್ಟುತ್ತಿರಲಿಲ್ಲ.

ಇಪ್ಪತ್ತನೇ ದಿನ ಹತ್ತು ಗಂಟೆಗೆ ವ್ಯಾನ್ ಬಂತು. ಚಿಕ್ಕಮ್ಮ ಅದಕ್ಕೂ ಮುಂಚೆಯೇ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು ಕೂತಿದ್ದಳು, ತಾನೇ ಹೊರಟವಳ ಹಾಗೆ. ಡ್ರೈವರ್ ಕಂಬಳಿ, ಹಗ್ಗ ಮತ್ತು ಒಂದು ಫಾರಂ ಹಿಡಿದು ಮೇಲೆ ಬಂದ. ಫಾರಂನಲ್ಲಿ ಚಿತ್ರದ ಹೆಸರು, ಅಳತೆ, ಕೊನೆಗೆ ಒಂದು ಸಾಲು: ಚಿತ್ರ ಪೂರ್ತಿಯಾಗಿ ಒಣಗಿದೆ ಎಂದು ದೃಢೀಕರಿಸುತ್ತೇನೆ. ಅದರ ಕೆಳಗೆ ಸಹಿ.

ನಾನು ಹತ್ತಿ ಸುತ್ತಿದೆ. ಹಣೆ, ಬಿಳಿ. ಎಡಗೆನ್ನೆ, ಬಿಳಿ. ಗದ್ದ, ಬಿಳಿ. ಬಾಯಿಯ ಬಲಮೂಲೆ, ಗುಲಾಬಿ.

“ಬಾಯಿ ಹತ್ರ ಕಂಬಳಿ ತಾಗದ ಹಾಗೆ ಕಟ್ತೀನಿ ಮೇಡಂ, ಜೋಪಾನವಾಗಿ ಒಯ್ತೀನಿ,” ಎಂದ ಡ್ರೈವರ್. ಪೆನ್ನಿನ ಮುಚ್ಚಳವನ್ನೂ ಅವನೇ ತೆಗೆದುಕೊಟ್ಟ.

ಗ್ಯಾಲರಿಗೆ ಫೋನ್ ಮಾಡಿದೆ. “ಸಹಿ ಹಾಕಿ ಕಳಿಸಿ, ನಾನು ಕಣ್ಣು ಮುಚ್ಕೊಳ್ತೀನಿ,” ಎಂದರು ಮೇಡಂ. “ಇಲ್ಲಿ ಬಂದ ಮೇಲೆ ನಮ್ಮವರೇ ಎಲ್ಲದಕ್ಕೂ ವಾರ್ನಿಷ್ ಕೊಡ್ತಾರೆ, ಒಂದೇ ಥರ ಹೊಳೀಲಿ ಅಂತ.”

“ನನ್ನ ಚಿತ್ರಕ್ಕೆ ಬೇಡ ಅಂತ ಹೇಳಬಹುದಾ?”

“ಒಬ್ಬರಿಗೆ ಬೇಡ ಅಂದ್ರೆ ಎಲ್ಲರೂ ಕೇಳ್ತಾರೆ.”

“ಹಾಗಾದರೆ ಕಳಿಸಲ್ಲ ಮೇಡಂ.”

ಮೇಡಂ ಏಣಿ ಇಳಿದು ಬಂದವರ ಹಾಗೆ ನಿಧಾನವಾಗಿ ಹೇಳಿದರು, “ಮುಂದಿನ ಆಯ್ಕೆ ಒಂದೂವರೆ ವರ್ಷಕ್ಕೆ. ಈ ಸಲ ಒಪ್ಪಿದ್ದೇವೆ ಅಂತ ಆಗಲೂ ಒಪ್ತೀವಿ ಅನ್ನೋ ಹಾಗಿಲ್ಲ. ಗೊತ್ತಲ್ಲ?”

“ಗೊತ್ತು. ಆಗ ಅರ್ಜಿ ಹಾಕ್ತೀನಿ.”

ಡ್ರೈವರ್ ಪೆನ್ನಿಗೆ ಮುಚ್ಚಳ ಹಾಕಿ, ಕಂಬಳಿ ಮಡಿಚಿಕೊಂಡು ಇಳಿದು ಹೋದ. ವ್ಯಾನ್ ಹೊರಟ ಸದ್ದು ಕೇಳಿಸಿತು. ಚಿಕ್ಕಮ್ಮನ ಕಡೆ ನೋಡುವ ಧೈರ್ಯವಾಗದೆ ಕುಂಚಗಳನ್ನು ಜೋಡಿಸುತ್ತ ನಿಂತೆ.

“ಮೂವತ್ತು ಜನಕ್ಕೆ ನಾನೇನು ಹೇಳಲಿ?” ಎಂದಳು ಅವಳು.

“ನನ್ನಿಂದ ತಡವಾಯ್ತು ಅಂತ ಹೇಳು.”

“ಹಲ್ಲಿಲ್ಲದೆ ಕೂತಿದ್ದೀನಿ ಅಂತಾನೂ ಹೇಳಿಬಿಟ್ಟಿದ್ದೆ. ಮುಂಚೆನೇ ಹೇಳಿದ್ರೆ ನಗೋರೆಲ್ಲ ನಕ್ಕು ಮುಗಿಸಿರ್ತಾರೆ ಅಂತ.” ಎದ್ದು ಚಿತ್ರದ ಹತ್ತಿರ ಹೋದಳು. “ನಿಜವಾಗ್ಲೂ ಒಣಗಿಲ್ವಾ? ನೋಡಿದ್ರೆ ಒಣಗಿದ ಹಾಗೇ ಇದೆ.”

ನಾನು ತಿರುಗುವಷ್ಟರಲ್ಲಿ ಕಿರುಬೆರಳಿಂದ ಬಾಯಿಯ ಮೂಲೆಯನ್ನು ಒತ್ತಿ ನೋಡಿದ್ದಳು. ಬೆರಳ ತುದಿ ಕೆಂಪಾಗಿತ್ತು. ಚಿತ್ರದಲ್ಲಿ ತುಟಿಯ ಕೊನೆಗೆ ಅವಳ ಬೆರಳ ಗೆರೆಗಳು ಸ್ಪಷ್ಟವಾಗಿ ಅಚ್ಚೊತ್ತಿದ್ದವು.

“ಚಿಕ್ಕಮ್ಮ.”

“ಹೌದು, ಒಣಗಿಲ್ಲ,” ಎಂದಳು, ತಪಾಸಣೆ ಮುಗಿಸಿದವಳಂತೆ. ಬೆರಳನ್ನು ನನ್ನ ಏಪ್ರನ್ನಿಗೆ ಒರೆಸಿದಳು. “ನೀನು ಹೇಳಿದ್ದು ಸರಿ. ಇದನ್ನ ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?”

“ಒಂದು ಗಂಟೆ. ಒಣಗೋಕೆ ಮತ್ತೆ ಹತ್ತು ದಿನ.”

“ಆಮೇಲೆ?”

“ಮೇಲ್ದುಟಿಗೆ ಇನ್ನೊಂದು ಪದರ ಬೇಕು. ಕತ್ತಿನ ನರ ಸ್ವಲ್ಪ ಗಡುಸಾಗಿದೆ, ಅದನ್ನ ಮೆತ್ತಗೆ ಮಾಡಬೇಕು.”

“ಒಂದೂವರೆ ವರ್ಷ ಹಿಡಿಯಲ್ಲ ತಾನೇ?”

“ಇಲ್ಲ. ಇದು ಮುಗಿದ ಮೇಲೆ ಇನ್ನೊಂದು ಶುರು ಮಾಡ್ತೀನಿ.”

ಅವಳು ಇಸ್ತ್ರಿ ಬಟ್ಟೆಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಚಿದಳು. ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಬಲತೋಳನ್ನು ಸ್ಟ್ಯಾಂಡಿನ ಮೇಲಿಟ್ಟಳು. ನಾನು ಕಲ್ಲಿನ ಮೇಲೆ ಕೆಂಪು ಅರೆಯತೊಡಗಿದೆ.